‘ಸ್ಕ್ಯಾನ್ ಸರಿಯಾಗಿದೆ’ ಎಂದರಷ್ಟೇ ಸಾಲದು

ಮೂವತ್ತು ದಾಟಿದ ವ್ಯಕ್ತಿಯೊಬ್ಬರು ತಲೆನೋವೆಂದು ಆಸ್ಪತ್ರೆಗೆ ಬಂದರೆ ವೈದ್ಯರಿಗೆ ಮೊದಲು ಹೊಳೆಯುವುದು ಮೈಗ್ರೇನ್, ರಕ್ತದೊತ್ತಡ ಇಲ್ಲವೇ ಕೆಲಸದ ಆಯಾಸ. ಆದರೆ ಅವರ ಕಿವಿಯ ಹಿಂದೆ, ಚರ್ಮದಡಿಯಲ್ಲಿ, ಬಾಲ್ಯದಲ್ಲಿ ಅಳವಡಿಸಿದ ಕೊಳವೆಯೊಂದಿದ್ದರೆ ಆ ತಲೆನೋವಿನ ಅರ್ಥವೇ ಬೇರೆ. ಅದು ಪ್ರಾಣಕ್ಕೆ ಎರವಾಗಬಲ್ಲ ಅಪಾಯದ ಮುನ್ಸೂಚನೆಯಾಗಿರಬಹುದು.

ಮಿದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಉತ್ಪತ್ತಿಯಾಗಿ, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದು ಕೊನೆಗೆ ರಕ್ತವನ್ನು ಸೇರುತ್ತದೆ. ಹುಟ್ಟಿನ ದೋಷ, ಗೆಡ್ಡೆ, ರಕ್ತಸ್ರಾವ ಅಥವಾ ಕ್ಷಯದಿಂದ ಬರುವ ಮೆನಿಂಜೈಟಿಸ್ ಈ ಹರಿವಿಗೆ ತಡೆಯೊಡ್ಡಿದಾಗ ಮಿದುಳಿನೊಳಗಿನ ಕುಹರಗಳು ಹಿಗ್ಗುತ್ತವೆ. ಇದೇ ಹೈಡ್ರೊಸೆಫಲಸ್. ಹೆಚ್ಚಾದ ದ್ರವವನ್ನು ಸಾಮಾನ್ಯವಾಗಿ ಹೊಟ್ಟೆಯೊಳಕ್ಕೆ ಸಾಗಿಸುವ, ಕವಾಟವುಳ್ಳ ಕೊಳವೆಯೇ ಶಂಟ್.

ಅದು ಕಟ್ಟಿಕೊಳ್ಳುವ ಸಮಸ್ಯೆ ಶಂಟ್‌ನಷ್ಟೇ ಹಳೆಯದು. ಲೇಖಕ ರೋಲ್ಡ್ ಡಾಲ್ ಅವರ ಮಗನಿಗೆ 1960ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಬಡಿದು ತಲೆಗೆ ತೀವ್ರ ಪೆಟ್ಟಾಯಿತು. ಮಗುವಿಗೆ ಹಾಕಿದ ಶಂಟ್ ಪದೇ ಪದೇ ಕಟ್ಟಿಕೊಂಡಾಗ ಡಾಲ್, ಎಂಜಿನಿಯರ್ ಸ್ಟಾನ್ಲಿ ವೇಡ್ ಮತ್ತು ನರಶಸ್ತ್ರಚಿಕಿತ್ಸಕ ಕೆನೆತ್ ಟಿಲ್ ಅವರೊಡಗೂಡಿ ಹೊಸ ಕವಾಟವನ್ನೇ ರೂಪಿಸಿದರು. ಕವಾಟಗಳು ಅಂದಿನಿಂದ ಬಹಳಷ್ಟು ಸುಧಾರಿಸಿವೆ. ಆದರೂ ಎಂದೂ ಕೆಡದ ಶಂಟ್ ಇನ್ನೂ ಬಂದಿಲ್ಲ.

ಎಳೆಯ ಮಗುವಿನಲ್ಲಿ ಶಂಟ್ ಕೆಟ್ಟರೆ ನೆತ್ತಿ ಉಬ್ಬುತ್ತದೆ, ತಲೆ ಬೆಳೆಯುತ್ತದೆ. ವಯಸ್ಕರ ತಲೆಬುರುಡೆ ಬೆಸೆದುಕೊಂಡಿರುವುದರಿಂದ ಅಂಥ ಹೊರಗುರುತು ಸಿಗದು. ಕೆಲವರಲ್ಲಿ ತಲೆನೋವು, ವಾಂತಿ, ಮಂಪರು ಒಮ್ಮೆಲೇ ಕಾಣಿಸಿಕೊಳ್ಳುತ್ತವೆ. ಇನ್ನು ಕೆಲವರಲ್ಲಿ ಮರೆವು, ಸಿಡುಕು, ತಡವರಿಸುವ ನಡಿಗೆ, ಮಂಜಾದ ದೃಷ್ಟಿ ವಾರಗಟ್ಟಲೆ ನಿಧಾನವಾಗಿ ಆವರಿಸುತ್ತವೆ. ವೃದ್ಧರಲ್ಲಾದರೆ ಎಲ್ಲವೂ ವಯಸ್ಸಿನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ. ಮೊದಲ ಬಾರಿಗೆ ನೋಡುವ ವೈದ್ಯರಿಗೆ ಕಾಣದ ಈ ಬದಲಾವಣೆ ಮನೆಯವರ ಕಣ್ಣಿಗೆ ಬಿದ್ದಿರುತ್ತದೆ.

ಸ್ಕ್ಯಾನ್ ಮಾಡಿಸಿದರೆ ಗೊತ್ತಾಗದೆ ಎಂದು ಕೇಳಬಹುದು. ತೊಡಕಿರುವುದೇ ಅಲ್ಲಿ. ಹಲವರ ಕುಹರಗಳು ಆರೋಗ್ಯವಾಗಿದ್ದಾಗಲೂ ದೊಡ್ಡದಾಗಿಯೇ ಇರುತ್ತವೆ. ಮತ್ತೆ ಕೆಲವರಲ್ಲಿ ಅವು ಬಿಗಿದುಕೊಂಡು, ಒತ್ತಡ ಏರಿದರೂ ಹಿಗ್ಗುವುದಿಲ್ಲ. ಹಾಗಾಗಿ ಇಂದಿನ ಚಿತ್ರಕ್ಕೆ ಅರ್ಥ ಬರುವುದು ಅದೇ ವ್ಯಕ್ತಿ ಚೆನ್ನಾಗಿದ್ದಾಗಿನ ಹಳೆಯ ಚಿತ್ರದ ಪಕ್ಕದಲ್ಲಿಟ್ಟಾಗ. ಕೊಳವೆ ತುಂಡಾಗಿದೆಯೇ ಎಂಬುದನ್ನು ಎಕ್ಸ್‌ರೇ ತೋರಿಸೀತು. ಆದರೆ ತುಂಡಾಗದೆಯೂ ಅದು ಕಟ್ಟಿಕೊಂಡಿರಬಹುದು. ಕಣ್ಣಿನ ನರದ ಊತ ಒತ್ತಡದ ಸೂಚನೆಯೇನೋ ಹೌದು, ಊತವಿಲ್ಲ ಎಂಬುದು ಒತ್ತಡವಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಕವಾಟವನ್ನು ಬೆರಳಿನಿಂದ ಒತ್ತಿ ನೋಡುವ ಪದ್ಧತಿಯನ್ನೂ ಪೂರ್ತಿ ನಂಬುವಂತಿಲ್ಲ. ಸಂಶಯ ಉಳಿದರೆ ನರಶಸ್ತ್ರಚಿಕಿತ್ಸಕರೇ ನೋಡಬೇಕು. ಜ್ವರವಿದ್ದರೆ ಸೋಂಕನ್ನೂ, ಎದ್ದು ನಿಂತಾಗ ಹೆಚ್ಚಿ ಮಲಗಿದಾಗ ತಗ್ಗುವ ತಲೆನೋವಿದ್ದರೆ ದ್ರವ ಅತಿಯಾಗಿ ಹರಿಯುತ್ತಿರುವ ಸಾಧ್ಯತೆಯನ್ನೂ ಗಮನಿಸಬೇಕು.

ದುರದೃಷ್ಟವೆಂದರೆ, ಬಾಲ್ಯದಲ್ಲಿ ಶಂಟ್ ಹಾಕಿಸಿಕೊಂಡವರು ದೊಡ್ಡವರಾಗುವ ಹೊತ್ತಿಗೆ ಅವರ ದಾಖಲೆಗಳು ಚದುರಿರುತ್ತವೆ. ಮಕ್ಕಳ ವಿಭಾಗ ಅವರನ್ನು ಬಿಟ್ಟಿರುತ್ತದೆ, ವಯಸ್ಕರ ವಿಭಾಗಕ್ಕೆ ಅವರ ಪರಿಚಯವಿರುವುದಿಲ್ಲ. ಎಲ್ಲವನ್ನೂ ನೆನಪಿಟ್ಟುಕೊಂಡಿದ್ದ ತಾಯಿಯೂ ಒಂದು ದಿನ ಇಲ್ಲವಾಗುತ್ತಾರೆ. ಶಸ್ತ್ರಚಿಕಿತ್ಸೆಯ ದಿನಾಂಕ, ಕವಾಟದ ಬಗೆ, ಅದರ ಹೊಂದಾಣಿಕೆ ಇವಿಷ್ಟನ್ನು ಬರೆದ ಚೀಟಿ ಮತ್ತು ಚೆನ್ನಾಗಿದ್ದಾಗಿನ ಒಂದು ಸ್ಕ್ಯಾನ್ ಸದಾ ಕೈಗೆ ಸಿಗುವಂತಿರಬೇಕು. ಹೊಂದಾಣಿಕೆ ಬದಲಿಸಬಹುದಾದ ಕವಾಟವಿದ್ದರೆ ಎಂಆರ್‌ಐ ನಂತರ ಅದನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಶಂಟ್ ಹಾಕಿದ ಆಸ್ಪತ್ರೆಗಳು ಈ ದಾಖಲೆಗಳನ್ನು ರೋಗಿಯ ಕೈಗಿತ್ತೇ ಮನೆಗೆ ಕಳುಹಿಸಬೇಕು. ತುರ್ತು ವಿಭಾಗದ ವೈದ್ಯರು ವರದಿಯ ಜೊತೆಗೆ ಮನೆಯವರ ಮಾತನ್ನೂ ಓದಬೇಕು. ‘ಇವರು ಎಂದಿನಂತಿಲ್ಲ’ ಎಂದು ಹೆಂಡತಿಯೋ ಅಣ್ಣನೋ ಹೇಳಿದರೆ, ಸ್ಕ್ಯಾನ್ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಹಿಂದಕ್ಕೆ ಕಳುಹಿಸಲಾಗದು.