ಮತ್ತೆ ಗೋಕರ್ಣವೇ?

“ಮತ್ತೆ ಗೋಕರ್ಣವೇ? ಬೇರೆ ಊರೇ ಇಲ್ಲವೇ?” ಮೇ ರಜೆ ಬಂತೆಂದರೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಮಕ್ಕಳದ್ದು ಇದೇ ರಾಗ. ಅಲ್ಲಿ ನಮಗೆ ಮನೆಯಿಲ್ಲ, ನೆಂಟರಿಲ್ಲ. ಆದರೂ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ನಾವು ಹೋಗದ ವರ್ಷಗಳು ಕಡಿಮೆ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ನಸುಕಿಗೆ ಕುಮಟಾ, ಅಲ್ಲಿಂದ ಬಸ್ಸು.

ನೋಡುವುದೆಲ್ಲ ನೋಡಿದ್ದೇ. ಕೋಟಿತೀರ್ಥದ ಮೆಟ್ಟಿಲು, ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಕಾಲುದಾರಿ, ತದಡಿಯಲ್ಲಿ ಅಘನಾಶಿನಿ ದಾಟಿಸುವ ಬಾರ್ಜು. ಹತ್ತಿರದ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬಾಳಿದ ಯಶವಂತ ಚಿತ್ತಾಲರು ಕತೆಗಳಲ್ಲಿ ಮತ್ತೆ ಮತ್ತೆ ತಮ್ಮ ಊರಿಗೆ ಮರಳಿದರು. ಹುಟ್ಟೂರಲ್ಲದ ಊರಿಗೆ ನಾನೇಕೆ ಮರಳುತ್ತೇನೆ?

ಉತ್ತರ ಈ ಸಲ ರಥಬೀದಿಯಲ್ಲಿ ಸಿಕ್ಕಿತು. ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದ ಕುಮಟೆಯ ಸಿಹಿ ಈರುಳ್ಳಿ ಗೊಂಚಲನ್ನು ಪ್ರತಿಸಲ ಒಬ್ಬ ಹಾಲಕ್ಕಿ ಅಜ್ಜಿಯಿಂದಲೇ ಕೊಳ್ಳುತ್ತಿದ್ದೆ. ಆ ಜಾಗದಲ್ಲಿ ಅವರ ಸೊಸೆ ಕುಳಿತಿದ್ದರು. ಅಜ್ಜಿ ತೀರಿಕೊಂಡು ಐದು ತಿಂಗಳಾಗಿತ್ತು. ಮಾತು ಹೊರಡದೆ ನಿಂತೆ.

“ಬೊಂಬಾಯಿಯವ್ರಲ್ದಾ? ಹೋದ್ವರ್ಷ ಯಾಕೆ ಬರ್ಲಿಲ್ಲ? ಅತ್ತೆ ಕೇಳ್ತಿದ್ರು.”

ಹೋದ ವರ್ಷ ಮಕ್ಕಳ ಹಟಕ್ಕೆ ಮಣಿದು ಗೋವಾಕ್ಕೆ ಹೋಗಿದ್ದೆವು. ಅದನ್ನು ಹೇಳಲಾಗಲಿಲ್ಲ. ಎರಡು ಗೊಂಚಲು ಕಟ್ಟಿಸಿಕೊಂಡೆ.

ಅವು ಈಗ ನಮ್ಮ ಬಾಲ್ಕನಿಯಲ್ಲಿ ತೂಗುತ್ತಿವೆ. ಮುಂದಿನ ಮೇ ತಿಂಗಳ ಟಿಕೆಟ್ಟಿಗೆ ನೆನಪು ಮಾಡಬೇಕೆಂದು ಮಗಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.