ಊರ ಬಾಯಿಗೆ ಔಷಧ

ರೋಗಕ್ಕೆ ಔಷಧವುಂಟು, ಊರ ಬಾಯಿಗೆ ಔಷಧವೆಲ್ಲಿ? ನಮ್ಮ ಗುಡೇಕೋಟೆಯಂತಹ ಊರಲ್ಲಿ ಒಬ್ಬರ ಬೇನೆ ಸಂಜೆಯೊಳಗೆ ಕಟ್ಟೆಯ ಮಾತಾಗುತ್ತದೆ.

ಎಚ್.ಐ.ವಿ. ಸೋಂಕಿತರಿಗೆ ಬೇರೆ ಲೋಟವಿಡುವವರೂ ಉಂಟು. ಆದರೆ ಈ ವೈರಾಣು ಹರಡುವುದು ಅಸುರಕ್ಷಿತ ಸಂಭೋಗ, ಸೋಂಕಿನ ರಕ್ತ, ಸೂಜಿಗಳಿಂದ ಮತ್ತು ತಾಯಿಯಿಂದ ಮಗುವಿಗೆ, ಲೋಟದಿಂದಲ್ಲ.

2004ರಲ್ಲಿ ಸರ್ಕಾರವು ಎ.ಆರ್.ಟಿ. ಮಾತ್ರೆಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ನಿತ್ಯ ತಪ್ಪದೆ ಸೇವಿಸಿದರೆ ವೈರಾಣು ಪರೀಕ್ಷೆಗೂ ಸಿಗದಷ್ಟು ಕುಗ್ಗುವುದು. ಆ ಸ್ಥಿತಿ ಉಳಿದಿರುವವರೆಗೆ ಸಂಭೋಗದಿಂದಲೂ ಹರಡದು. ಯಾರಾದರೂ ಕಂಡಾರೆಂದು ಅಂಜಿ ಮಾತ್ರೆ ತರುವುದನ್ನೇ ಬಿಟ್ಟರೆ ಅದು ಮತ್ತೆ ತಲೆಯೆತ್ತುವುದು. ಆಗ ಕೊಲ್ಲುವುದು ನಮ್ಮ ಮಾತೇ.

2017ರ ಕಾಯಿದೆಯು ನೌಕರಿ, ಶಾಲೆ, ಬಾಡಿಗೆಮನೆಗಳಲ್ಲಿ ಭೇದವನ್ನು ನಿಷೇಧಿಸಿದೆ. ಕಟ್ಟೆಯ ಮಾತನ್ನು ತಿದ್ದಬೇಕಾದವರು ಓದಿದ ನಾವೇ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲೇರಿದ ನಾನು ಇದನ್ನು ನನ್ನ ಮನೆಯಲ್ಲೇ ಮೊದಲು ಹೇಳಿದ್ದೇನೆ. ಮಿತ್ರರೇ, ನೀವೂ ಹೇಳಿರಿ.