ಹಳೆ ಲ್ಯಾಪ್‌ಟಾಪು, ಹೊಸ ಲಿನಕ್ಸು, ಅತ್ತೆಯ ಪದಗಳು

ರೊಟ್ಟಿ ಹಂಚು ಹಳೆಯದಾಯಿತೆಂದು ಯಾರಾದರೂ ಎಸೆಯುತ್ತಾರೆಯೇ? ತಿಕ್ಕಿ, ಎಣ್ಣೆ ಸವರಿ ಮತ್ತೆ ಒಲೆಗೆ ಏರಿಸುತ್ತೇವೆ. ಆದರೆ ಕಂಪ್ಯೂಟರಿನ ಮಾತು ಬಂದಾಗ ಮಾತ್ರ, ರಿಪೇರಿಯವರು “ಹಳೇದಾಯ್ತು, ಬಿಟ್ಟುಬಿಡ್ರಿ” ಅಂದರೆ ಸಾಕು, ಮರುಮಾತಿಲ್ಲದೆ ಗುಜರಿಗೆ ಹಾಕಿಬಿಡುತ್ತೇವೆ. ನಾನೂ ಹಾಗೇ ಮಾಡುವವಳಿದ್ದೆ. ಮಾಡಿದ್ದರೆ ನನ್ನ ಮನೆಯ ಒಂದು ಆಸ್ತಿಯೇ ಅದರ ಜೊತೆ ಹೋಗಿಬಿಡುತ್ತಿತ್ತು.

ನಮ್ಮದು ಸೇಡಂ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. 2014 ರಲ್ಲಿ ಹಿರಿಯ ಮಗಳ ಕಾಲೇಜಿಗೆಂದು ಒಂದು ಲ್ಯಾಪ್‌ಟಾಪು ಕೊಂಡೆವು. ಅದರ ಮೇಲೇ ಮಗಳು ನನಗೂ ಕನ್ನಡ ಟೈಪು ಮಾಡುವುದನ್ನು ಕಲಿಸಿದಳು. ಕಲಿತ ಕೈಗೆ ಕೆಲಸ ಬೇಕಲ್ಲ! ನಮ್ಮ ಅತ್ತೆಯವರ ತವರು ಚಿಂಚೋಳಿ ಕಡೆಯ ಹಳ್ಳಿ. ಬೀಸುವ ಪದ ಎಷ್ಟು ಬರುತ್ತಿದ್ದವೋ ಅವರಿಗೇ ಲೆಕ್ಕವಿರಲಿಲ್ಲ. ಸುಮ್ಮನೆ ಕೂತು ಹೇಳಿರೆಂದರೆ ಎರಡು ಸಾಲಿಗೆ ನಿಂತುಬಿಡುವರು. “ಕಲ್ಲು ತಿರುಗದ ಪದ ಬರಂಗಿಲ್ಲ ತಂಗಿ” ಎನ್ನುವರು. ಕೊನೆಗೆ ಹಿತ್ತಲಿನ ಬೀಸುಕಲ್ಲನ್ನು ತೊಳೆದು, ಕಾಳು ಹಾಕದೆ ಬರೇ ಕಲ್ಲು ತಿರುಗಿಸುತ್ತ ಅವರು ಹಾಡುವುದು, ನಾನು ಟೈಪು ಮಾಡುವುದು ಎಂದಾಯಿತು. ಒಂದು ವರ್ಷದಲ್ಲಿ 43 ಪದ ಕೂಡಿದವು. 2017 ರಲ್ಲಿ ಅತ್ತೆಯವರು ತೀರಿಕೊಂಡರು. ಪದಗಳು ಲ್ಯಾಪ್‌ಟಾಪಿನಲ್ಲೇ ಉಳಿದವು. ಇನ್ನೊಂದು ಪ್ರತಿ ತೆಗೆದಿಡಬೇಕೆಂಬ ಬುದ್ಧಿ ನನಗೆ ಬಂದಿರಲಿಲ್ಲ.

ಯಜಮಾನಿ ಬದಲಾದಾಗ

2025 ರ ಅಕ್ಟೋಬರ್ 14 ಕ್ಕೆ ವಿಂಡೋಸ್ 10 ಕ್ಕೆ ಕಂಪನಿಯವರ ಮಾಮೂಲು ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಸುರಕ್ಷತೆಯ ತಿದ್ದುಪಡಿಗಳು ಇನ್ನೊಂದು ವರ್ಷಕ್ಕೆ, 2026 ರ ಅಕ್ಟೋಬರ್‌ವರೆಗೆ ಮಾತ್ರ ಎಂದರು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಬೇಕಾದ ಸುರಕ್ಷತಾ ಚಿಪ್ಪು ನಮ್ಮ ಹಳೆಯ ಯಂತ್ರದಲ್ಲಿಲ್ಲ. ಹೊಸದು ಕೊಳ್ಳಲು ಕಿರಿಯ ಮಗಳ ಫೀಸಿನ ದುಡ್ಡಿಗೆ ಕೈಹಾಕಬೇಕು.

ಆ ದೀಪಾವಳಿಗೆ ವಾಡಿಯಿಂದ ತಂಗಿಯ ಮಗ ಬಂದಿದ್ದ. ನನ್ನ ಗೋಳು ಕೇಳಿ, “ದೊಡ್ಡವ್ವ, ಅದನ್ನ ಯಾಕ ಗುಜರಿಗೆ ಹಾಕ್ತಿ? ಲಿನಕ್ಸ್ ಮಿಂಟ್ ಹೊಸಾದು ಬಂದದ. ಪೆನ್‌ಡ್ರೈವ್‌ನಾಗ ತಂದೀನಿ. ಮೊದಲ ಬರೇ ನೋಡು, ಮನಸಿಗೆ ಬಂದ್ರ ಹಾಕೋಣ” ಎಂದ.

ಈ ಲಿನಕ್ಸು ಅಂದರೇನು ಎಂದು ಕೇಳುತ್ತೀರಾ? ಆಪರೇಟಿಂಗ್ ಸಿಸ್ಟಮ್ ಎನ್ನುವುದು ಕಂಪ್ಯೂಟರಿನ ಮನೆಯ ಯಜಮಾನಿ ಇದ್ದಂತೆ. ಯಾರಿಗೆ ಯಾವ ಕೆಲಸ, ಯಾವ ಸಾಮಾನು ಎಲ್ಲಿ ಎಂದು ನೋಡಿಕೊಳ್ಳುವವಳು ಅವಳೇ. ವಿಂಡೋಸು ಒಬ್ಬ ಯಜಮಾನಿಯಾದರೆ ಲಿನಕ್ಸು ಇನ್ನೊಬ್ಬಳು. 1983 ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಇಂಥದೊಂದು ವ್ಯವಸ್ಥೆ ಮಾಡುತ್ತೇನೆಂದು ಹೊರಟರು. 1991 ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದರ ತಿರುಳಾದ ಲಿನಕ್ಸನ್ನು ಬರೆದು ಜನರ ಮುಂದಿಟ್ಟ. ಪುಂಡಿಪಲ್ಯವನ್ನು ಬಡಿಸಿ, ಮಾಡುವ ಬಗೆಯನ್ನೂ ಹೇಳಿಕೊಟ್ಟು, “ನಿಮಗೆ ಬೇಕಾದಂಗ ಖಾರ ಹಾಕ್ಕೊಳ್ರಿ, ನಾಕು ಮನಿಗೆ ಹೇಳ್ರಿ” ಎಂದಂತೆ.

ಅದರದೇ ಒಂದು ಬಗೆ ಈ ಮಿಂಟ್. ನನಗೆ ಖುಷಿ ಕೊಟ್ಟ ಸಂಗತಿಯೆಂದರೆ, 2006 ರ ಮೊದಲ ಆವೃತ್ತಿ ‘ಅಡಾ’ದಿಂದ ಹಿಡಿದು ಇದರ ಪ್ರತಿ ಆವೃತ್ತಿಗೂ ಹೆಣ್ಣಿನ ಹೆಸರೇ! 2025 ರ ಸೆಪ್ಟೆಂಬರಿನಲ್ಲಿ ಬಂದ 22.2 ಕ್ಕೆ ‘ಜಾರಾ’ ಎಂದು ಹೆಸರು. 2029 ರವರೆಗೆ ಇದಕ್ಕೆ ತಿದ್ದುಪಡಿಗಳು ಬರುತ್ತವೆ. ಕನಿಷ್ಠ 2 ಜಿ.ಬಿ. ರ‍್ಯಾಮ್ ಸಾಕು, 4 ಇದ್ದರೆ ಸಲೀಸು. ನಮ್ಮದರಲ್ಲಿ 4 ಇತ್ತು. ಇದರಲ್ಲೇ ಎಕ್ಸ್‌ಎಫ್‌ಸಿಇ ಎಂಬ ಹಗುರ ಬಗೆಯೊಂದಿದೆ, ಹಳೆಯ ಯಂತ್ರಕ್ಕೆ ಅದೇ ಒಳ್ಳೆಯದು. ದುಡ್ಡು? ಒಂದು ಪೈಸೆಯಿಲ್ಲ.

ಬಿಟ್ಟಿ ಸಿಗುವುದು ಕಳಪೆ ಎಂದು ಮೂಗು ಮುರಿಯಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನ ಮೇಲೆಯೇ. ಅಲ್ಲಿನ ಕೈಟ್ ಎಂಬ ಸಂಸ್ಥೆ ಶಾಲೆಗಳಿಗಾಗಿಯೇ ಅದನ್ನು ಹೊಂದಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ತೆರೆದ ಕಡತ, ಒಡೆದ ಎದೆ

ಪೆನ್‌ಡ್ರೈವು ಚುಚ್ಚಿ, ಲ್ಯಾಪ್‌ಟಾಪು ಶುರುವಾಗುವಾಗ ಎಫ್12 ಗುಂಡಿ ಒತ್ತಿದ (ಕಂಪನಿಗೊಂದು ಗುಂಡಿ ಇರುತ್ತದೆ, ಕೆಲವದಕ್ಕೆ ಎಫ್9, ಕೆಲವದಕ್ಕೆ ಎಸ್ಕೇಪ್). ಎರಡು ನಿಮಿಷದಲ್ಲಿ ಹೊಸ ಪರದೆ ಬಂತು. ಒಳಗಿನ ಡಿಸ್ಕಿಗೆ ಇನ್ನೂ ಏನೂ ಹಾಕಿರಲಿಲ್ಲ, ಎಲ್ಲ ಪೆನ್‌ಡ್ರೈವಿನ ಮೇಲೇ ನಡೆದಿತ್ತು. ಸೀರೆಯನ್ನು ಕೊಳ್ಳುವ ಮೊದಲು ಭುಜದ ಮೇಲೆ ಹಾಕಿ ಕನ್ನಡಿ ನೋಡಿದಂತೆ.

ಇಂಟರ್‌ನೆಟ್ಟು ಬಂತು, ಸಿನಿಮಾ ಹಾಡು ಬಂತು, ಕನ್ನಡದ ಸುದ್ದಿ ಒತ್ತಕ್ಷರ ಸಮೇತ ಚೆನ್ನಾಗಿ ಕಂಡಿತು. ಕೀಲಿಮಣೆಯ ಆಯ್ಕೆಯಲ್ಲಿ ‘ಕಗಪ’ ಎಂಬ ಕನ್ನಡ ವಿನ್ಯಾಸವೂ ಇತ್ತು. ನುಡಿಯಲ್ಲಿ ಕೈ ಕೂತವರಿಗೆ ಅದು ಬಹುಮಟ್ಟಿಗೆ ಪರಿಚಿತವೇ. ಹಿಗ್ಗಿನಿಂದ ನನ್ನ ‘ಬೀಸುವ ಪದ’ದ ಕಡತ ತೆರೆದೆ.

ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀರು, ಗೊತ್ತಿಲ್ಲದ ಚಿಹ್ನೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಕೈಕಾಲು ತಣ್ಣಗಾದವು. ಅತ್ತೆಯವರನ್ನು ಎರಡನೇ ಸಲ ಕಳೆದುಕೊಂಡೆ ಎನಿಸಿತು.

“ದೊಡ್ಡವ್ವ, ಅಳಬ್ಯಾಡ. ಏನೂ ಅಳಿಸಿಲ್ಲ” ಎಂದು ಹುಡುಗ ಪೆನ್‌ಡ್ರೈವು ತೆಗೆದು ಮತ್ತೆ ಶುರು ಮಾಡಿದ. ಹಳೆಯ ವಿಂಡೋಸು ಬಂತು, ಪದಗಳೂ ಬಂದವು. ಆಗ ಬಿಡಿಸಿ ಹೇಳಿದ. ನಾನು ಬಳಸಿದ ಆ ಕಾಲದ ಬಗೆಯಲ್ಲಿ ಕಡತದೊಳಗೆ ಉಳಿಯುವುದು ಕನ್ನಡವೇ ಅಲ್ಲವಂತೆ! ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ ಉಳಿದು, ಅಕ್ಷರಶೈಲಿ ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತದೆ. ಆ ಶೈಲಿ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ. ಹೊಸ ವಿಂಡೋಸಿನಲ್ಲೂ ಇದೇ ಗತಿ. ಯುನಿಕೋಡ್ ಎಂಬ ಬಗೆಯಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ. 1991 ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಅದರಲ್ಲಿ ಬರೆದದ್ದು ಯಾವ ಯಂತ್ರದಲ್ಲೂ, ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ.

ಹಳೆಯ ಬಗೆಯಿಂದ ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ನುಡಿ, ಬರಹಗಳ ಜೊತೆಯಲ್ಲೇ ಸಿಗುತ್ತವೆ. ಆ ರಾತ್ರಿಯೇ 43 ಪದಗಳನ್ನೂ ಬದಲಾಯಿಸಿದೆವು. ಅಲ್ಲಲ್ಲಿ ಒತ್ತು, ಅರ್ಕಾವತ್ತು ಜಾಗ ತಪ್ಪಿದ್ದವು. ತಿದ್ದಲು ನನಗೆ ಒಂದು ವಾರ ಹಿಡಿಯಿತು. ಸುಮ್ಮನೆ ಓದಿದರೆ ತಪ್ಪು ಕಣ್ಣಿಗೆ ಬೀಳದು. ಹಾಡಿಕೊಂಡೇ ತಿದ್ದಿದೆ.

ಅನಂತರವೇ ಮಿಂಟನ್ನು ಒಳಗೆ ಹಾಕಿಸಿದ್ದು. ಪದಗಳ ಒಂದು ಪ್ರತಿ ವಾಡಿಯ ತಂಗಿಯ ಮನೆಯಲ್ಲಿದೆ, ಒಂದು ಪೆನ್‌ಡ್ರೈವಿನಲ್ಲಿ ನನ್ನ ಟ್ರಂಕಿನಲ್ಲಿದೆ. ಶಹಾಬಾದಿನಲ್ಲಿ ಕಾಗದದ ಮೇಲೂ ಅಚ್ಚು ತೆಗೆಸಿ ಹೊಲಿಸಿದ್ದೇನೆ.

ನೀವೂ ನೋಡುವುದಾದರೆ

ಚಿತ್ತಾಪುರದ ಗೆಳತಿಯೊಬ್ಬಳು ಕೇಳಿದಾಗ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

1. ಮೊದಲು ಫೋಟೋ, ಲೆಕ್ಕ, ಬರಹಗಳನ್ನು ಬೇರೆ ಎರಡು ಕಡೆ ಇಳಿಸಿಡಿ. ಹಳೆಯ ಕನ್ನಡ ಕಡತಗಳನ್ನು ವಿಂಡೋಸು ಇರುವಾಗಲೇ ಯುನಿಕೋಡಿಗೆ ಬದಲಾಯಿಸಿ, ಮೊಬೈಲಿನಲ್ಲಿ ತೆರೆದು ಪರೀಕ್ಷಿಸಿ.

2. ಮಿಂಟ್ ಇಳಿಸಿಕೊಳ್ಳಲು ಸುಮಾರು 3 ಜಿ.ಬಿ. ಡಾಟಾ ಬೇಕು. 8 ಜಿ.ಬಿ. ಪೆನ್‌ಡ್ರೈವು ಸಾಕು. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಖಾಲಿಯದನ್ನೇ ತೆಗೆದುಕೊಳ್ಳಿ.

3. ಪೆನ್‌ಡ್ರೈವಿನಿಂದಲೇ ನಾಲ್ಕು ದಿನ ನಡೆಸಿ ನೋಡಿ. ವೈಫೈ, ಧ್ವನಿ, ಪ್ರಿಂಟರು ಒಂದೊಂದಾಗಿ ಪರೀಕ್ಷಿಸಿ. ನಮ್ಮ ಹಳೆಯ ಸ್ಕ್ಯಾನರು ಕೆಲಸ ಮಾಡಲಿಲ್ಲ.

4. ಒಳಗೆ ಹಾಕುವಾಗ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಬರುತ್ತದೆ. ಒತ್ತಿದರೆ ವಿಂಡೋಸೂ, ನಿಮ್ಮ ಕಡತಗಳೂ ಎಲ್ಲ ಹೋದಂತೆ. ಎರಡನ್ನೂ ಇಟ್ಟುಕೊಳ್ಳುವ ದಾರಿಯೂ ಇದೆ. ಗೊತ್ತಿದ್ದವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.

5. ವಿಂಡೋಸಿಗೆಂದೇ ಮಾಡಿದ ಟ್ಯಾಲಿಯಂಥವು ಇದರಲ್ಲಿ ನೇರವಾಗಿ ನಡೆಯವು. ಅದಕ್ಕೇ ನಮ್ಮ ಮನೆಯವರ ಅಂಗಡಿಯ ಕಂಪ್ಯೂಟರಿಗೆ ನಾವು ಕೈಹಚ್ಚಲಿಲ್ಲ. ಪತ್ರ, ಲೆಕ್ಕದ ಪಟ್ಟಿ, ಇಂಟರ್‌ನೆಟ್ಟು, ಮಕ್ಕಳ ಓದಿಗೆ ಧಾರಾಳವಾಗಿ ಸಾಕು.

ಕಿರಿಯ ಮಗಳ ಫೀಸು ತುಂಬಿದೆವು. ಈ ಲೇಖನ ಟೈಪಾದದ್ದೂ ಅದೇ ಹಳೆ ಲ್ಯಾಪ್‌ಟಾಪಿನಲ್ಲಿ. ಮೊನ್ನೆ ಮಗಳು ತನ್ನ ಮೊಬೈಲಿನಲ್ಲಿ ಅಜ್ಜಿಯ ಪದ ತೆರೆದು, ಬೀಸುಕಲ್ಲಿನ ಮುಂದೆ ಕೂತು ರಾಗ ಹಿಡಿಯಲು ನೋಡಿದಳು. ಎರಡು ಸಾಲಿಗೆ ನಿಂತುಬಿಟ್ಟಳು.

“ಕಲ್ಲು ತಿರುಗಸು” ಅಂದೆ.